ಮೂವತ್ತು ಕಿಲೋದೊಳಗೆ ಒಮಾನ್

ನಮ್ಮಲ್ಲಿ ಹೆಚ್ಚಿನವರಿಗೆ ಗಲ್ಫ್ ಎಂದರೆ ಮೂರೇ ಜಾಗ: ರೂಮು, ಡ್ಯೂಟಿ, ಏರ್‌ಪೋರ್ಟು. ನಡುವೆ ವಾರಕ್ಕೊಮ್ಮೆ ಹೈಪರ್‌ಮಾರ್ಕೆಟ್ಟು, ವರ್ಷಕ್ಕೊಮ್ಮೆ ಸಂಘದ ರಾಜ್ಯೋತ್ಸವ. ರಜೆಯಲ್ಲಿ ಊರಿಗೆ ಹೋದಾಗ ಯಾರಾದರೂ "ಒಮಾನ್ ಹೇಗುಂಟು?" ಎಂದು ಕೇಳಿದರೆ ನಾವು ಹೇಳುವುದು ಸೆಖೆಯ ವಿಷಯ, ಇಲ್ಲವೇ ಸಂಬಳದ ವಿಷಯ. ಸೆಖೆ ಜಾಸ್ತಿ, ಸಂಬಳ ಕಡಿಮೆ. ಅಲ್ಲಿಗೆ ದೇಶದ ವರ್ಣನೆ ಮುಗಿಯಿತು.

ಮಸ್ಕತ್ತಿನ ಒಂದು ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಸ್ಟೋರ್‌ಕೀಪರ್ ಆಗಿದ್ದವನು ನಾನು. ಕಳೆದ ಫೆಬ್ರವರಿಯಲ್ಲಿ ಲೆಕ್ಕ ಚುಕ್ತಾ ಮಾಡಿಕೊಂಡು ಊರಿಗೆ ಹೊರಡುವುದೆಂದಾಯಿತು. ವೀಸಾ ಕ್ಯಾನ್ಸಲ್ ಆಗಲು ಇನ್ನು ಹತ್ತು ದಿನ ಇತ್ತು. ಮನೆಯವಳು ಫೋನಿನಲ್ಲಿ, "ಇಷ್ಟು ವರ್ಷ ಇದ್ರಲ್ಲ, ಅಲ್ಲಿ ನೋಡುವಂಥದ್ದು ಏನುಂಟು?" ಎಂದು ಕೇಳಿದಳು. ನಾನು ರೂವಿಯ ಗಡಿಯಾರ ಗೋಪುರ ಎಂದೆ. ಅವಳು ಸುಮ್ಮನಾದಳು. ಆ ಮೌನ ನನಗೆ ಸರಿ ಕಾಣಲಿಲ್ಲ. ಗುರುವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಒಳನಾಡು ಸುತ್ತಿ ಬರುವುದೆಂದು ಆಗಲೇ ನಿಶ್ಚಯಿಸಿದೆ.

ಜೊತೆಗೆ ಬರಲು ರೂಮಿನವರನ್ನು ಕರೆದೆ. ಒಬ್ಬನಿಗೆ ಶುಕ್ರವಾರ ಓವರ್‌ಟೈಮ್, ಇನ್ನೊಬ್ಬನಿಗೆ ನಿದ್ದೆ. ಮೂರನೆಯವನು, "ಕಲ್ಲು ನೋಡ್ಲಿಕ್ಕೆ ಪೆಟ್ರೋಲ್ ಯಾಕೆ ಸುಡುದು ಮಾರಾಯ, ಕಿಟಕಿ ತೆಗೆದ್ರೆ ಕಾಣುದಿಲ್ವಾ?" ಎಂದ. ಹೀಗೆ ನಾನು ಒಬ್ಬನೇ ಹೊರಟೆ. ಒಬ್ಬನೇ ಎಂದು ಪೂರ್ತಿ ಹೇಳುವ ಹಾಗೂ ಇಲ್ಲ. ನನ್ನ ಹಳೆಯ ಕಾರನ್ನು ಕುಂದಾಪುರದ ಸ್ನೇಹಿತರೊಬ್ಬರಿಗೆ ಮಾರಿದ್ದೆ. ಅಡ್ವಾನ್ಸ್ ಕೈ ಸೇರಿತ್ತು, ಮುಲ್ಕಿಯಾ ಮಾತ್ರ ಬದಲಾಗಿರಲಿಲ್ಲ. ಅವರು ಮೂರು ದಿನವೂ ಎರಡು ಗಂಟೆಗೊಮ್ಮೆ ಫೋನ್ ಮಾಡಿ, "ಗಾಡಿ ಹ್ಯಾಂಗಿತ್?" ಎಂದು ವಿಚಾರಿಸುತ್ತಿದ್ದರು. ನಾನು ಹೇಗಿದ್ದೇನೆ ಎಂದು ಒಮ್ಮೆಯೂ ಕೇಳಲಿಲ್ಲ.

ಹೊರಡುವ ಹೊತ್ತಿಗೆ ತಮ್ಮನ ಮೆಸೇಜೂ ಬಂತು. ಪುತ್ತೂರಿನ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ನಾನು ಬಂದ ಮೇಲೆ ಅದು ಎರಡು ಪಾಲು ಆಗಬೇಕು. ತೋಟಕ್ಕೆ ಇರುವುದು ಅಜ್ಜನ ಕಾಲದ ಒಂದು ಸುರಂಗ. ಗುಡ್ಡದ ಮುರಕಲ್ಲನ್ನು ಪಿಕ್ಕಾಸಿನಲ್ಲಿ ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ದಾರಿ ಮಾಡಿ, ಒಳಗಿನ ಒರತೆಯನ್ನು ಹೊರಗಿನ ಟಾಂಕಿಗೆ ತಂದದ್ದು. ಪಂಪು ಬೇಡ, ಕರೆಂಟು ಬೇಡ. ಆದರೆ ಒಳಗೆ ಮಣ್ಣು ಕುಸಿದು ಎರಡು ವರ್ಷದಿಂದ ನೀರು ಬೆರಳಿನಷ್ಟು ಸಪೂರವಾಗಿತ್ತು. ತಮ್ಮ ಬರೆದಿದ್ದ: "ಅಣ್ಣಾ, ಜೆಸಿಬಿ ಪಕ್ಕದ ತೋಟಕ್ಕೆ ಬಂದುಂಟು. ಸುರಂಗದ ಬಾಯಿ ಮುಚ್ಚಿ ದಾರಿ ಮಾಡಿಸುವ. ಇಬ್ಬರೂ ಒಂದೊಂದು ಬೋರ್ ಹಾಕಿಸುವ. ಸೋಮವಾರದೊಳಗೆ ಹೇಳು." ಎರಡು ಬೋರ್ ಎಂದರೆ ನನ್ನ ಸೆಟಲ್‌ಮೆಂಟ್ ದುಡ್ಡಿನಲ್ಲಿ ದೊಡ್ಡದೊಂದು ತೂತು. ಬೇಡವೆಂದರೆ ಊರು ಮುಟ್ಟುವ ಮೊದಲೇ ತಮ್ಮನ ಮುಖ ಊದಿಕೊಳ್ಳುತ್ತದೆ. ಉತ್ತರ ಬರೆಯದೆ ಕಾರು ಸ್ಟಾರ್ಟ್ ಮಾಡಿದೆ.

ಮಸ್ಕತ್ತಿನಿಂದ ನಿಜ್ವಾಕ್ಕೆ ಹೋಗುವ ಹೈವೇ ಸಮಾಯಿಲ್ ಕಣಿವೆಯಲ್ಲಿ ಹಾಯುತ್ತದೆ. ಎರಡೂ ಕಡೆ ಇದ್ದಿಲಿನ ಬಣ್ಣದ ಬೆಟ್ಟಗಳು. ಒಂದು ಹಸಿರು ಕಡ್ಡಿಯೂ ಇಲ್ಲದ ಈ ಬೆಟ್ಟಗಳನ್ನು ನೋಡಲು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬರುತ್ತಾರೆ. ಸುಮಾರು 9.5 ಕೋಟಿ ವರ್ಷದ ಹಿಂದೆ ಇವು ಸಮುದ್ರದ ತಳವಾಗಿದ್ದವಂತೆ. ಆ ತಳವೇ ನೆಲದ ಮೇಲೆ ತಳ್ಳಿಕೊಂಡು ಬಂದು ಹೀಗೆ ನಿಂತಿದೆ. ನಾವು ಸಮುದ್ರ ದಾಟಿ ಬಂದವರು, ಇವು ಸಮುದ್ರವನ್ನೇ ಬಿಟ್ಟು ಬಂದವು. ನಮಗಿಂತ ದೊಡ್ಡ ವಲಸೆ. ವೀಸಾದ ತೊಂದರೆಯೂ ಇಲ್ಲ.

ರಾತ್ರಿ ನಿಜ್ವಾದಲ್ಲಿ ಪರಿಚಯದ ಮಲಯಾಳಿ ಒಬ್ಬರ ರೂಮಿನಲ್ಲಿ ಮಲಗಿ, ಶುಕ್ರವಾರ ಬೆಳಿಗ್ಗೆ ಆಡಿನ ಸಂತೆಗೆ ಹೋದೆ. ಕೋಟೆಯ ಪಕ್ಕದಲ್ಲೇ ಮಾಡಿನ ಕೆಳಗೆ ದುಂಡಗಿನ ಕಟ್ಟೆ. ಕೊಳ್ಳುವವರು ಒಳಗೂ ಹೊರಗೂ ಸುತ್ತ ಕುಳಿತಿರುತ್ತಾರೆ. ಮಾರುವವರು ಆಡು, ಕುರಿಗಳನ್ನು ಹಗ್ಗ ಹಿಡಿದು ನಡುವಿನ ದಾರಿಯಲ್ಲಿ ಸುತ್ತಿಸುತ್ತ ಬೆಲೆ ಕೂಗುತ್ತಾರೆ. ಬೇಕಾದವನು ಕೈ ಸನ್ನೆ ಮಾಡಿ ನಿಲ್ಲಿಸಿ, ಹಲ್ಲು ನೋಡಿ, ಬೆನ್ನು ಒತ್ತಿ, ಮುಖ ಹುಳಿ ಮಾಡಿ ಕಳಿಸುತ್ತಾನೆ. ಆ ಮುಖ ನನಗೆ ಗುರುತಿನದು. ಹಿಂದೆ ಸುಬ್ರಹ್ಮಣ್ಯದ ಕುಲ್ಕುಂದ ಜಾನುವಾರು ಜಾತ್ರೆಯಲ್ಲಿ ಅಜ್ಜ ಎತ್ತಿಗೆ ಬೆಲೆ ಕಟ್ಟುವಾಗ ಮಾಡುತ್ತಿದ್ದದ್ದು ಅದೇ ಮುಖ.

ಒಬ್ಬ ಹುಡುಗ ನನ್ನ ಮುಂದೆ ಕಂದು ಬಣ್ಣದ ಆಡೊಂದನ್ನು ನಿಲ್ಲಿಸಿ, "ನೂರಿಪ್ಪತ್ತು ರಿಯಾಲ್" ಎಂದ. ಗಲ್ಫಿಗೆ ಬಂದ ದಿನವೇ ನಮ್ಮ ತಲೆಯೊಳಗೆ ಕೂರುವ ಕ್ಯಾಲ್ಕುಲೇಟರ್ ಇದೆಯಲ್ಲ, ಅದು ಇಪ್ಪತ್ತೈದು ಸಾವಿರ ರೂಪಾಯಿಯ ಮೇಲೆ ಹೋಗಿ ನಿಂತಿತು. ತೂಕ ಎಷ್ಟು ಎಂದು ಸುಮ್ಮನೆ ಕೇಳಿದೆ. ಮೂವತ್ತು ಕಿಲೋ ಎಂದ. ನನ್ನ ಟಿಕೆಟ್ಟಿಗೆ ಬ್ಯಾಗೇಜ್ ಕೂಡ ಸರಿಯಾಗಿ ಮೂವತ್ತು ಕಿಲೋ! ಇಪ್ಪತ್ತೆರಡು ವರ್ಷದ ದುಡಿಮೆ ಮುಗಿಸಿ ಮನುಷ್ಯ ಮನೆಗೆ ಒಯ್ಯಬಹುದಾದದ್ದು ಒಂದು ಆಡಿನಷ್ಟು ಎಂದು ಆಗ ನನಗೆ ಹೊಳೆಯಿತು. ಹುಡುಗ ಇನ್ನೂ ಕಾಯುತ್ತಿದ್ದ. "ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ" ಎಂದೆ. ಅವನು ಗಂಭೀರವಾಗಿ ಯೋಚಿಸಿ, "ಕಡಿದು ಫ್ರೀಜ್ ಮಾಡಿದರೆ?" ಎಂದು ಕೇಳಿದ. ವ್ಯಾಪಾರಿ ಎಂದರೆ ಹೀಗಿರಬೇಕು.

ನಿಜ್ವಾ ಕೋಟೆಯ ದುಂಡು ಬುರುಜನ್ನು 17ನೇ ಶತಮಾನದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಅಲ್ ಯಾರುಬಿ ಕಟ್ಟಿಸಿದ. ಕೆಲಸಕ್ಕೆ ಹನ್ನೆರಡು ವರ್ಷ ಹಿಡಿಯಿತಂತೆ. ನನಗೆ ಬುರುಜಿಗಿಂತ ಹಿಡಿಸಿದ್ದು ಖರ್ಜೂರದ ಉಗ್ರಾಣ. ಹಾಳೆ ಹಾಳೆಯಾಗಿ ಖರ್ಜೂರದ ಮೂಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಭಾರಕ್ಕೆ ಅಡಿಯ ಮೂಟೆಗಳಿಂದ ಪಾಕ ಇಳಿದು ನೆಲದ ಕಾಲುವೆಗಳಲ್ಲಿ ಹರಿದು ಪಾತ್ರೆ ಸೇರುತ್ತಿತ್ತು. ಶಾಂತಿಯ ಕಾಲದಲ್ಲಿ ಅದನ್ನು ತಿನ್ನುವುದು. ಯುದ್ಧದ ಕಾಲದಲ್ಲಿ ಕುದಿಸಿ, ಮೆಟ್ಟಿಲ ಮೇಲಿನ ಕಿಂಡಿಯಿಂದ ಶತ್ರುವಿನ ತಲೆಗೆ ಸುರಿಯುವುದು. ಸ್ಟೋರ್‌ಕೀಪರ್ ಆಗಿ ಹೇಳುತ್ತೇನೆ, ಇದಕ್ಕಿಂತ ಒಳ್ಳೆಯ ಸ್ಟಾಕ್ ನಾನು ನೋಡಿಲ್ಲ. ಒಂದೇ ಐಟಂ, ಎರಡು ಇಲಾಖೆಗೂ ಸಪ್ಲೈ, ಎಕ್ಸ್‌ಪೈರಿ ತಾಪತ್ರಯವಿಲ್ಲ. ಹೊರಗೆ ಬಂದು ಎರಡು ಕಿಲೋ ನಿಜ್ವಾ ಹಲ್ವಾ ತೆಗೆದುಕೊಂಡೆ. ಮೂವತ್ತರಲ್ಲಿ ಎರಡು ಹೋಯಿತು.

ಮಧ್ಯಾಹ್ನ ಬಹ್ಲಾ. ಇದು ಸುಮಾರು ನಲವತ್ತು ಕಿಲೋಮೀಟರ್ ಪಶ್ಚಿಮಕ್ಕಿದೆ. ಮಣ್ಣಿನ ದೊಡ್ಡ ಕೋಟೆ, 1987ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು. ಊರನ್ನೂ ತೋಟಗಳನ್ನೂ ಸುತ್ತುವರಿದ ಗೋಡೆ ಹನ್ನೆರಡು ಕಿಲೋಮೀಟರಿನಷ್ಟು ಉದ್ದ. ಅದನ್ನು ಜಿನ್‌ಗಳು ಒಂದೇ ರಾತ್ರಿಯಲ್ಲಿ ಕಟ್ಟಿದವೆಂದು ಹೇಳುವವರಿದ್ದಾರೆ. ನಮ್ಮಲ್ಲಿ ಕೊಳ್ಳೇಗಾಲ ಎಂದೊಡನೆ ಜನ ಮಾಟ ಮಂತ್ರ ಎನ್ನುತ್ತಾರಲ್ಲ, ಒಮಾನಿನಲ್ಲಿ ಬಹ್ಲಾ ಎಂದರೆ ಹಾಗೆ. ಮಸ್ಕತ್ತಿನಲ್ಲಿ ನಮ್ಮ ಕಂಪನಿಯ ಒಮಾನಿ ಡ್ರೈವರ್, "ಬಹ್ಲಾದಲ್ಲಿ ರಾತ್ರಿ ನಿಲ್ಲಬೇಡ" ಎಂದು ಎಚ್ಚರಿಸಿದ್ದ. ಜಿನ್‌ಗಳಿಗೆ ಹೆದರಿ ಅಲ್ಲ, ಲಾಡ್ಜಿನ ರೇಟಿಗೆ ಹೆದರಿ ನಾನು ನಿಲ್ಲಲಿಲ್ಲ. ಅಲ್ಲಿನ ಕುಂಬಾರಿಕೆ ಹೆಸರುವಾಸಿ. ಒಂದು ಹೂಜಿ ಕೊಂಡೆ, ಮೂರೂವರೆ ಕಿಲೋ. ಅಂಗಡಿಯವನೇ ತಕ್ಕಡಿ ತಂದು ತೂಗಿ ಕೊಟ್ಟ. ನನ್ನಂಥವರನ್ನು ಬಹಳ ನೋಡಿದ್ದಾನೆಂದು ಕಾಣುತ್ತದೆ.

ಶನಿವಾರ ದಕ್ಷಿಣಕ್ಕೆ ಆದಮ್ ಕಡೆ ಹೊರಟೆ. ಈಗಿನ ರಾಜವಂಶವನ್ನು ಸ್ಥಾಪಿಸಿದ ಅಹ್ಮದ್ ಬಿನ್ ಸಯೀದ್ ಹುಟ್ಟಿದ ಊರು ಅದು. ಅದರಾಚೆ ಮರುಭೂಮಿ. ಸಲಾಲಾಕ್ಕೆ ಇನ್ನೂ ಎಂಟುನೂರು ಕಿಲೋಮೀಟರಿನಷ್ಟು ನೇರ ರಸ್ತೆ. ಒಂಟೆ ಅಡ್ಡ ಬರುತ್ತದೆಂಬ ಬೋರ್ಡನ್ನು ನೋಡಿ, ಬರಲಿ ಎಂದು ಕಾಯುತ್ತಿದ್ದೆ. ಬಂದದ್ದು ಪಂಕ್ಚರ್. ಸ್ಟೆಪ್ನಿ ತೆಗೆಯುತ್ತಿದ್ದಂತೆ ಒಂದು ಪಿಕಪ್ ನಿಂತಿತು. ಇಳಿದವರು ಬಿಳಿ ಗಡ್ಡದ ಹಿರಿಯರು. ಟಯರಿನ ಕಡೆ ತಿರುಗಿಯೂ ನೋಡದೆ ರಸ್ತೆ ಬದಿಯಲ್ಲಿ ಚಾಪೆ ಹಾಸಿದರು. ಫ್ಲಾಸ್ಕ್ ಬಂತು, ಖರ್ಜೂರ ಬಂತು. ಮೊದಲು ಕಹ್ವಾ, ಆಮೇಲೆ ಕ್ಷೇಮ ಸಮಾಚಾರ, ಟಯರ್ ಅದರ ನಂತರ. ಕಪ್ಪನ್ನು ಅಲ್ಲಾಡಿಸಿ ಸಾಕೆಂದು ತೋರಿಸುವವರೆಗೆ ಕಹ್ವಾ ಸುರಿಯುತ್ತಲೇ ಇರುವುದು ಇಲ್ಲಿನ ಕ್ರಮ. ನಮ್ಮ ಮದುವೆ ಊಟದಲ್ಲಿ ಎಲೆಗೆ ಅಡ್ಡ ಕೈ ಹಿಡಿದರೂ ಬಡಿಸುತ್ತಾರೆ. ಆ ಲೆಕ್ಕದಲ್ಲಿ ಒಮಾನಿಗಳು ಮಾತಿಗೆ ನಿಲ್ಲುವವರು.

ನನ್ನ ಅರಬ್ಬಿ ಸ್ಟೋರಿನ ಅರಬ್ಬಿ. ಮಾಫಿ, ಖಲಾಸ್, ಬುಕ್ರಾ. ಎಂದರೆ ಇಲ್ಲ, ಮುಗಿಯಿತು, ನಾಳೆ ಬಾ. ಇವಿಷ್ಟರಲ್ಲಿ ಇಪ್ಪತ್ತೆರಡು ವರ್ಷ ನಡೆದಿದೆ. ಹಿರಿಯರು ಎಷ್ಟು ವರ್ಷವಾಯಿತು ಎಂದು ಕೇಳಿದರು. ಹೇಳಿದೆ. "ನನ್ನ ಕಿರಿಯ ಮಗನಿಗೆ ಇಪ್ಪತ್ತು. ಅವನಿಗಿಂತ ನೀನೇ ಹಳೆಯ ಒಮಾನಿ" ಎಂದರು. ನಗಬೇಕೆಂದಿದ್ದೆ, ಗಂಟಲಲ್ಲಿ ಖರ್ಜೂರ ಸಿಕ್ಕಿಕೊಂಡಿತು. ಅಷ್ಟರಲ್ಲಿ ಫೋನ್. "ಗಾಡಿ ಹ್ಯಾಂಗಿತ್?" "ಚೆನ್ನಾಗಿದೆ, ಕಹ್ವಾ ಕುಡಿಯುತ್ತಿದೆ" ಎಂದೆ.

ಟಯರ್ ಬದಲಿಸುವಾಗ ಊರಿನ ಮಾತು ಬಂತು. ಕೈ ಸನ್ನೆಯಲ್ಲಿ ಸುರಂಗದ ಕಥೆ ಹೇಳಿದೆ. ಬಗ್ಗಿ ನಡೆದು ತೋರಿಸಿದೆ, ಗುಡ್ಡ ಕೊರೆದು ತೋರಿಸಿದೆ. ದಾರಿಯಲ್ಲಿ ಹೋಗುವವರು ಕಾರು ನಿಧಾನ ಮಾಡಿ ನೋಡಿದರು. ಹಿರಿಯರು ಮಾತ್ರ ತಕ್ಷಣ, "ಫಲಜ್!" ಎಂದರು. "ಹಿಂದೆ ಹೋಗುವಾಗ ಬಿರ್ಕತ್ ಅಲ್ ಮೌಜ್‌ನಲ್ಲಿ ಇಳಿ, ನೋಡು."

ಬಿರ್ಕತ್ ಅಲ್ ಮೌಜ್ ಎಂದರೆ ಬಾಳೆಯ ಕೊಳ. ನಿಜ್ವಾದಿಂದ ಮಸ್ಕತ್ತಿಗೆ ಬರುವ ದಾರಿಯಲ್ಲೇ ಇದೆ. ಸಂಜೆ ಅಲ್ಲಿ ಇಳಿದರೆ ಬಾಳೆ ತೋಟ, ಖರ್ಜೂರದ ಮರ, ನಡುವೆ ಕಲ್ಲಿನ ಕಾಲುವೆಯಲ್ಲಿ ತಣ್ಣಗೆ ನೀರು. ಇದು ಅಲ್ ಖತ್ಮೀನ್ ಫಲಜ್. 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಐದು ಫಲಜ್‌ಗಳಲ್ಲಿ ಒಂದು. ಇಂಥವು ಈಗಲೂ ಬಳಕೆಯಲ್ಲಿರುವುದು ದೇಶದಲ್ಲಿ ಸುಮಾರು 3000. ದೂರದಲ್ಲಿ ನೆಲದಡಿಯ ನೀರಿನವರೆಗೆ ಸುರಂಗ ತೋಡಿ, ಗಾಳಿಗೂ ಹೂಳು ಎತ್ತಲಿಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಗುಂಡಿ ಇಟ್ಟು, ಇಳಿಜಾರಿನ ಲೆಕ್ಕದಲ್ಲೇ ಊರಿಗೆ ಹರಿಸಿದ್ದಾರೆ. ಪಂಪು ಬೇಡ, ಕರೆಂಟು ಬೇಡ. ಊರಿನ ಹತ್ತಿರ ಕಾಲುವೆ ಮೂರಾಗಿ ಒಡೆಯುತ್ತದೆ, ಮೂರಕ್ಕೂ ಸಮಪಾಲು.

ನೀರು ಮೊದಲು ಕುಡಿಯಲು, ಆಮೇಲೆ ಮಸೀದಿಗೆ ಮತ್ತು ಸ್ನಾನಕ್ಕೆ, ಕೊನೆಗೆ ತೋಟಗಳಿಗೆ. ತೋಟದವರು ಹಂಚಿಕೊಳ್ಳುವುದು ನೀರನ್ನಲ್ಲ, ಹೊತ್ತನ್ನು. ಅರ್ಧ ಗಂಟೆಯಷ್ಟು ಹೊತ್ತಿಗೆ ಒಂದು ಅಥರ್ ಎಂದು ಹೆಸರು. ಇಂತಿಷ್ಟು ದಿನಕ್ಕೊಮ್ಮೆ ಇವನಿಗೆ ಇಂತಿಷ್ಟು ಅಥರ್ ಎಂದು ಲೆಕ್ಕ. ಗಡಿಯಾರ ಬರುವ ಮೊದಲು ಹಗಲು ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಪಾಳಿ ಬದಲಿಸುತ್ತಿದ್ದರು. ನಾನು ನೋಡುತ್ತಿದ್ದಂತೆ ಒಬ್ಬ ಬಂಗಾಳಿ ಕೆಲಸಗಾರ ಬಂದು, ಗೋಣಿ ಸುತ್ತಿದ ಕಲ್ಲನ್ನು ಒಂದು ತೂತಿನಿಂದ ತೆಗೆದು ಇನ್ನೊಂದಕ್ಕೆ ಇಟ್ಟ. ನೀರು ಮಾತಿಲ್ಲದೆ ಪಕ್ಕದ ತೋಟಕ್ಕೆ ತಿರುಗಿತು. ಹೂಳು ಎತ್ತುವುದು ಯಾರು ಎಂದು ಹಿಂದಿಯಲ್ಲಿ ಕೇಳಿದೆ. "ನಾವೇ. ಎತ್ತದಿದ್ದರೆ ಬರುವುದಿಲ್ಲ" ಎಂದ. ಅವನಿಗೆ ಅದರಲ್ಲಿ ಹೇಳುವಂಥದ್ದೇನೂ ಕಾಣಲಿಲ್ಲ.

ನಾನು ಕಾಲುವೆಯ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟೆ. ಈ ದೇಶದಲ್ಲಿ ಮಳೆ ನಮ್ಮ ಪುತ್ತೂರಿನ ಒಂದು ಆಷಾಢದ ವಾರದಷ್ಟೂ ಬರುವುದಿಲ್ಲ. ಆದರೂ ನೂರಾರು ವರ್ಷದ ಸುರಂಗವನ್ನು ಇವರು ಮುಚ್ಚಿಲ್ಲ. ಅಲ್ಲಿಂದಲೇ ತಮ್ಮನಿಗೆ ಬರೆದೆ: "ಜೆಸಿಬಿಯನ್ನು ಕಳಿಸು. ಸುರಂಗದ ಮಣ್ಣು ತೆಗೆಸುವ, ಖರ್ಚು ನನ್ನದು. ಆಮೇಲೂ ನೀರು ಸಾಲದಿದ್ದರೆ ಬೋರ್ ಮಾತು." ತುಂಬಾ ಹೊತ್ತು ಉತ್ತರ ಬರಲಿಲ್ಲ. ಬಂದದ್ದು ಒಂದೇ ಅಕ್ಷರ: "ಹ್ಞೂಂ."

ಮಸ್ಕತ್ತಿಗೆ ತಲುಪಿದಾಗ ಮೀಟರಿನಲ್ಲಿ 530 ಕಿಲೋಮೀಟರ್ ಹೆಚ್ಚಾಗಿತ್ತು. ಪೆಟ್ರೋಲ್ ಹತ್ತು ರಿಯಾಲ್, ಊಟ ತಿಂಡಿ ಅದಕ್ಕಿಂತ ಕಡಿಮೆ. ಯಾವ ಊರಿಗೆ ಹೋದರೂ ಮಲಯಾಳಿಗಳ ಪರೋಟ ನಮಗಿಂತ ಮೊದಲೇ ಬಂದು ಕಾದಿರುತ್ತದೆ. ನೀವೂ ಹೋಗಿ ಬನ್ನಿ. ನವೆಂಬರಿನಿಂದ ಮಾರ್ಚ್ ಒಳಗೆ ಹೋಗಿ, ಗುರುವಾರ ಸಂಜೆಯೇ ಹೊರಟರೆ ಶುಕ್ರವಾರದ ಸಂತೆ ಸಿಗುತ್ತದೆ. ಸ್ಟೆಪ್ನಿಗೆ ಗಾಳಿ ಇದೆಯೇ ನೋಡಿಕೊಳ್ಳಿ. ಮಾರಿದ ಕಾರಿನಲ್ಲಿ ಹೋಗುವುದಾದರೆ ಫೋನ್ ಸೈಲೆಂಟಿಗೆ ಹಾಕಿ.

ಈಗ ಇದನ್ನು ಬರೆಯುತ್ತಿರುವುದು ಪುತ್ತೂರಿನ ಮನೆಯ ಜಗಲಿಯಲ್ಲಿ. ಸುರಂಗದ ಕೆಲಸ ಬಲ್ಲವರು ಈಗ ಕಡಿಮೆ. ಹುಡುಕಿ ಇಬ್ಬರನ್ನು ಕರೆತಂದೆವು. ಅವರು ಹನ್ನೊಂದು ದಿನ ಒಳಗಿನಿಂದ ಮಣ್ಣು ಹೊತ್ತು ಹಾಕಿದರು. ಹನ್ನೆರಡನೆಯ ದಿನ ಬೆಳಿಗ್ಗೆ ನೀರು ಮಣಿಕಟ್ಟಿನ ದಪ್ಪಕ್ಕೆ ಬಂತು. ಏಪ್ರಿಲ್ ತಿಂಗಳಿಗೆ ಅದು ದೊಡ್ಡದೇ. ತೋಟ ಎರಡು ಪಾಲಾಯಿತು, ಟಾಂಕಿ ಒಂದೇ ಉಳಿಯಿತು. ಬೆಳಿಗ್ಗೆ ನಾಲ್ಕು ಅಥರ್ ತಮ್ಮನಿಗೆ, ಸಂಜೆ ನಾಲ್ಕು ಅಥರ್ ನನಗೆ. ನೆರಳು ನೋಡುವುದಿಲ್ಲ, ಮೊಬೈಲ್ ಅಲಾರಾಂ ಇದೆ.

ತಮ್ಮ ಈಗಲೂ ನೆಂಟರ ಮುಂದೆ ಹೇಳಿ ನಗುತ್ತಾನೆ: "ಎಲ್ಲರೂ ಗಲ್ಫಿನಿಂದ ಚಿನ್ನ ತಂದರೆ ನಮ್ಮ ಅಣ್ಣ ಅರ್ಧ ಗಂಟೆ ತಂದಿದ್ದಾನೆ." ಆದರೆ ಅವನ ಪಾಲಿನ ಅಲಾರಾಂ ಹೊಡೆದ ಕೂಡಲೇ ಓಡುವವನೂ ಅವನೇ. ಹೂಜಿ ವಿಮಾನದಲ್ಲಿ ಒಡೆಯದೆ ಬಂತು. ಹಲ್ವಾ ಎರಡೇ ದಿನದಲ್ಲಿ ಮುಗಿಯಿತು, ಖಲಾಸ್.