ಡಾಕ್ಟ್ರು ಹಾಕುಸ್ಕಂಡ್ರಾ?

ಓದಿದವರಿಗೆ ಲಸಿಕೆಯ ಭಯ ಇರೋದಿಲ್ಲ ಅಂತ ನಾವೆಲ್ಲ ಸುಮ್ಮನೆ ನಂಬಿಕೊಂಡಿರ್ತೀವಿ, ಅಲ್ವಾ? 2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಶುರುವಾದಾಗ ಮೊದಲ ಸರದಿ ಆಸ್ಪತ್ರೆ ಸಿಬ್ಬಂದಿಯದೇ. ಪಟ್ಟಿಯಲ್ಲಿ ಹೆಸರಿದ್ದೂ ಮೊದಮೊದಲು ಬಾರದವರು ಬಹಳ ಮಂದಿ.

ನನ್ನ ಚಿಕ್ಕಮ್ಮ ನಂಜನಗೂಡು ಕಡೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಆ ವಾರ ಫೋನಿನಲ್ಲಿ ಹೇಳಿದ್ದು: "ನಮ್ ಆಯಮ್ಮ ಪೇಪರ್ ಓದಲ್ಲ, ಟಿವಿ ನಂಬಲ್ಲ. ಕೇಳೋದು ಒಂದೇ, ಡಾಕ್ಟ್ರು ಹಾಕುಸ್ಕಂಡ್ರಾ ಅಂತ. ಅವ್ರು ಇನ್ನೂ ಹಾಕುಸ್ಕಂಡಿಲ್ಲ, ನಾನೇನ್ ಹೇಳ್ಲಿ?"

ನಂಜನಗೂಡಿಗೆ ಕೊರೋನಾ ಎಲ್ಲೋ ದೂರದ ಸುದ್ದಿಯೂ ಆಗಿರಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಇಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಾಣಿಸಿಕೊಂಡು ಊರಿನ ಹೆಸರು ಎಲ್ಲ ಚಾನೆಲ್ಲುಗಳಲ್ಲೂ ಓಡಿತ್ತು. ರೋಗವನ್ನ ಅಷ್ಟು ಹತ್ತಿರದಿಂದ ಕಂಡವರಿಗೂ ಸೂಜಿ ಕಂಡರೆ ಅನುಮಾನ!

ಆದರೆ ಡಾಕ್ಟರ ಹಿಂಜರಿಕೆ, ಆಯಮ್ಮನ ಹಿಂಜರಿಕೆ ಎರಡೂ ಒಂದೇ ಅಲ್ಲ. ಜನವರಿ 3ರಂದು ಕೋವ್ಯಾಕ್ಸಿನ್‌ಗೆ ಅನುಮತಿ ಸಿಕ್ಕಾಗ ಅದರ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಹಾಕಿಸಿಕೊಳ್ಳುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು, ಯಾವ ಲಸಿಕೆ ಅನ್ನೋ ಆಯ್ಕೆ ಮಾತ್ರ ಅವರ ಕೈಲಿರಲಿಲ್ಲ. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯ ರೆಸಿಡೆಂಟ್ ಡಾಕ್ಟರುಗಳು ಮೊದಲ ದಿನವೇ ನಮಗೆ ಕೋವಿಶೀಲ್ಡ್ ಕೊಡಿ ಅಂತ ಪತ್ರ ಬರೆದರು. ಅವರನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಟೆಸ್ಟಿಂಗ್ ಮುಗಿಯದ ಕೋಡನ್ನ ಪ್ರೊಡಕ್ಷನ್ನಿಗೆ ಬಿಟ್ಟರೆ ನಮ್ಮ ಆಫೀಸಿನಲ್ಲೂ ಗಲಾಟೆ ಆಗುತ್ತೆ (ಆಗಲೇಬೇಕು!). ಮಾರ್ಚ್ 3ಕ್ಕೆ ಶೇ. 81 ಪರಿಣಾಮಕಾರಿ ಅನ್ನೋ ಮಧ್ಯಂತರ ಅಂಕಿ ಬಂತು, ಕೊನೆಯ ಲೆಕ್ಕದಲ್ಲಿ ಶೇ. 77.8.

ತಮಾಷೆ ಏನಂದ್ರೆ, ಚಿಕ್ಕಮ್ಮನ ಆಸ್ಪತ್ರೆಗೆ ಬಂದಿದ್ದು ಕೋವಿಶೀಲ್ಡೇ! ಡಾಕ್ಟರ ಪ್ರಶ್ನೆ ವಾರ್ಡಿನವರೆಗೆ ಇಳಿಯುವಷ್ಟರಲ್ಲಿ ಅದರ ಕಾರಣ ದಾರಿಯಲ್ಲೇ ಉದುರಿಹೋಗಿ 'ದೊಡ್ಡೋರೇ ಹಾಕುಸ್ಕಂಡಿಲ್ವಂತೆ' ಅನ್ನೋದಷ್ಟೇ ಉಳಿದಿತ್ತು. ಕಡೆಗೆ ಚಿಕ್ಕಮ್ಮ ಆಯಮ್ಮನ ಎದುರೇ ಕೂತು ತಾವು ಹಾಕಿಸಿಕೊಂಡರು. ರಾತ್ರಿ ಜ್ವರ ಬಂತು, ಅದನ್ನೂ ಮುಚ್ಚಿಡದೆ ಹೇಳಿದರು. ಆಯಮ್ಮ ನಾಲ್ಕು ದಿನ ನೋಡಿ ಐದನೇ ದಿನ ತೋಳು ಕೊಟ್ಟರಂತೆ.

ಹೀಗೆ ಇನ್ನೊಬ್ಬರ ತೋಳು ನೋಡಿ ಧೈರ್ಯ ತಂದುಕೊಳ್ಳೋದು ಮೈಸೂರು ಸೀಮೆಗೆ ಹೊಸದಲ್ಲ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಅನ್ನೋ ಚಿತ್ರಕಾರ ಬರೆದ, ಮೂವರು ಹೆಂಗಸರ ಚಿತ್ರವೊಂದಿದೆ. ಬಲಗಡೆ ನಿಂತ ಎಳೇ ಹುಡುಗಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋರಿಸ್ತಿರೋದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನ ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಹೇಳ್ತಾರೆ. ನೆಟ್ಟಿನಲ್ಲಿ ಸಿಗುತ್ತೆ, ಒಮ್ಮೆ ಹುಡುಕಿ ನೋಡಿ.