ಕಪೆರ್ನೌಮಿನ ಕರಿಕಲ್ಲಿನ ಮನೆ

ತಿಬೇರಿಯ ಪಟ್ಟಣದಿಂದ ಸರೋವರದ ದಡವನ್ನು ಹಿಡಿದು ಉತ್ತರಾಭಿಮುಖವಾಗಿ ಸುಮಾರು 16 ಕಿಲೋಮೀಟರು ಸಾಗಿದರೆ ಕಪೆರ್ನೌಮ್ ದೊರೆಯುವುದು. ಗಲಿಲಾಯದ ಈ ಸರೋವರಕ್ಕೆ ಸಮುದ್ರವೆಂಬ ಹೆಸರು ರೂಢಿಯಲ್ಲಿದ್ದರೂ ಅದರ ನೀರು ಸಿಹಿ. ಉದ್ದ ಸುಮಾರು 21 ಕಿಲೋಮೀಟರು. ಅಗಲ ಹೆಚ್ಚೆಂದರೆ 13. ಅದರ ಮೇಲ್ಮೈಯು ಕಡಲಿನ ಮಟ್ಟಕ್ಕಿಂತ ಸುಮಾರು 210 ಮೀಟರು ತಗ್ಗಿನಲ್ಲಿರುವುದು. ನಾವು ಬೆಳಗಿನ ಹೊತ್ತಿಗೆ ಅಲ್ಲಿಗೆ ಸೇರಿದಾಗ ನೀರು ಅಲುಗಾಡದೆ ಮಲಗಿತ್ತು. ಆಚೆಯ ದಡದ ಬೆಟ್ಟಗಳು ಮಬ್ಬಿನಲ್ಲಿ ಅಡಗಿದ್ದುವು.

ಯೇಸುವು ನಜರೇತನ್ನು ಬಿಟ್ಟುಬಂದು ವಾಸಮಾಡಿದ ಊರು ಇದು. ಈಗ ಇಲ್ಲಿ ಊರಿಲ್ಲ, ಊರಿನ ತಳಪಾಯವುಂಟು. ಪಾಳುಬಿದ್ದಿದ್ದ ಈ ನೆಲವನ್ನು ಫ್ರಾನ್ಸಿಸ್ಕನ್ ಸಂನ್ಯಾಸಿಗಳು 1894ರಲ್ಲಿ ಕೊಂಡುಕೊಂಡು ಕಾಪಾಡುತ್ತ ಬಂದಿರುವರು. ಮೊದಲು ಕಣ್ಣಿಗೆ ಬೀಳುವುದು ಬಿಳಿಯ ಸುಣ್ಣಕಲ್ಲಿನ ಸಭಾಮಂದಿರ. ಕಂಬಗಳು ಇನ್ನೂ ನಿಂತಿರುವುವು. ಅದು ನಾಲ್ಕು-ಐದನೆಯ ಶತಮಾನಗಳ ಕಟ್ಟಡವೆಂದು ಬಹುಮಂದಿ ಪಂಡಿತರ ಮತ. ಅದರಡಿಯಲ್ಲಿ ಕರಿಕಲ್ಲಿನ ಹಳೆಯ ಗೋಡೆಯೊಂದು ಕಾಣುವುದು. ಯೇಸುವಿನ ಕಾಲದ ಮಂದಿರವು ಅದೇ ಇರಬಹುದೆಂದು ಹಲವರು ಊಹಿಸುವರು.

ಅಲ್ಲಿಂದ ಸರೋವರದ ಕಡೆಗೆ ಕೆಲವೇ ಹೆಜ್ಜೆ ಇಟ್ಟರೆ ಮೀನುಗಾರರ ಮನೆಗಳ ಸಾಲು. ಒರಟು ಕರಿಕಲ್ಲುಗಳನ್ನು ಗಾರೆಯಿಲ್ಲದೆ ಒಂದರಮೇಲೊಂದು ಪೇರಿಸಿದ ಗೋಡೆಗಳು, ಇಕ್ಕಟ್ಟಾದ ಕೋಣೆಗಳು, ನಡುವೆ ಹಲವು ಮನೆಗಳಿಗೆ ಸೇರಿದ ಅಂಗಳ. 1968ರಿಂದ ಕೊರ್ಬೊ ಮತ್ತು ಲೊಫ್ರೆದಾ ಎಂಬ ಫ್ರಾನ್ಸಿಸ್ಕನ್ ವಿದ್ವಾಂಸರು ಇಲ್ಲಿ ಅಗೆಯಿಸಿದಾಗ ಒಂದು ಕೋಣೆ ಮಾತ್ರ ಮಿಕ್ಕವುಗಳಂತಿರಲಿಲ್ಲ. ಅದಕ್ಕೆ ಮತ್ತೆ ಮತ್ತೆ ಗಾರೆ ಬಳಿದಿದ್ದರು. ಗಾರೆಯಮೇಲೆ ಯಾತ್ರಿಕರು ಗೀಚಿದ ಬರಹಗಳಿದ್ದುವು. ಐದನೆಯ ಶತಮಾನದಲ್ಲಿ ಅದೇ ಕೋಣೆಯನ್ನು ನಡುವಿಟ್ಟು ಎಂಟು ಮೂಲೆಯ ದೇವಾಲಯವನ್ನು ಕಟ್ಟಿದ್ದರು. ಆದಕಾರಣ ಇದೇ ಪೇತ್ರನ ಮನೆಯೆಂದು ಅವರು ನಿರ್ಣಯಿಸಿದರು. 1990ರಲ್ಲಿ ಪ್ರತಿಷ್ಠೆಯಾದ ಹೊಸ ದೇವಾಲಯವು ಈ ಅವಶೇಷಗಳನ್ನು ಮುಟ್ಟದೆ ಕಂಬಗಳಮೇಲೆ ನಿಂತಿರುವುದು. ಅದರ ನೆಲದ ನಡುವಿನ ಗಾಜಿನಿಂದ ಕೆಳಗಿನ ಕೋಣೆಯನ್ನು ನೋಡಬಹುದು.

ಆ ಗಾಜಿನ ಸುತ್ತಲೂ ನಮ್ಮ ತಂಡದವರು ಕುಳಿತರು. ಜೊತೆಯಲ್ಲಿ ಬಂದಿದ್ದ ಗುರುಗಳು ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದ ಕಥೆಯನ್ನು ಹೇಳಿದರು. ಯೇಸುವು ಈ ಊರಿನ ಒಂದು ಮನೆಯಲ್ಲಿರುವನೆಂಬ ಸುದ್ದಿ ಹಬ್ಬಿ ಬಾಗಿಲಿನವರೆಗೂ ಜನ ನೆರೆದಿತ್ತು. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹಾಸಿಗೆಸಮೇತ ಹೊತ್ತು ತಂದರು. ಒಳಕ್ಕೆ ದಾರಿಯಿಲ್ಲದೆ ಮಾಳಿಗೆಯನ್ನೇರಿ, ಅದನ್ನು ಅಗೆದು, ರೋಗಿಯನ್ನು ಇಳಿಸಿದರು. ನಮ್ಮ ಬಯಲುಸೀಮೆಯ ವಾಚಕರಿಗೆ ಇದು ಸೋಜಿಗವೆನಿಸಲಾರದು. ತೊಲೆ, ಜಂತೆ, ಸೊಪ್ಪುಕಡ್ಡಿಗಳ ಮೇಲೆ ಮಣ್ಣು ಮೆತ್ತಿದ ಮಾಳಿಗೆಯನ್ನು ಅಗೆಯುವುದು ಎಷ್ಟರ ಕೆಲಸವೆಂಬುದನ್ನು ಅವರು ಬಲ್ಲರು.

ರೋಗಿಯು ಬಂದುದು ಕಾಲಿಗಾಗಿ. ಯೇಸುವು ಮೊದಲು ಹೇಳಿದುದಾದರೋ ಅವನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂಬ ಮಾತು. ಅಲ್ಲಿದ್ದ ಶಾಸ್ತ್ರಿಗಳು ಮನಸ್ಸಿನಲ್ಲೇ ಕುದಿದರು; ಪಾಪವನ್ನು ಕ್ಷಮಿಸುವ ಅಧಿಕಾರ ದೇವರೊಬ್ಬನಿಗಲ್ಲವೆ? ಅವರ ಪ್ರಶ್ನೆಯು ಅಲ್ಪವಾದುದಲ್ಲ. ಪರರು ಪರರಿಗೆ ಮಾಡಿದ ತಪ್ಪನ್ನು ಕ್ಷಮಿಸಲು ನಾವು ಯಾರು? ಯೇಸುವು ವಾದಕ್ಕೆ ಇಳಿಯಲಿಲ್ಲ. ಕ್ಷಮೆಯ ಮಾತನ್ನು ಯಾರೂ ಪರೀಕ್ಷಿಸಿ ನೋಡಲಾರರು. ಎದ್ದು ನಡೆಯೆಂಬ ಮಾತಾದರೋ ಆ ಕ್ಷಣವೇ ಪರೀಕ್ಷೆಗೆ ಒಳಗಾಗುವುದು. ಕಾಣದ ಅಧಿಕಾರವುಂಟೆಂಬುದು ಜನರಿಗೆ ತಿಳಿಯಲೆಂದು ಅವನು ಕಾಣುವ ಕೆಲಸವನ್ನು ಮಾಡಿದನು. ರೋಗಿಯು ಎದ್ದು, ಹಾಸಿಗೆಯನ್ನು ಹೊತ್ತುಕೊಂಡು, ಎಲ್ಲರ ಮುಂದೆ ಹೊರಟುಹೋದನು.

ಗುರುಗಳು ಮುಗಿಸಿದ ಮೇಲೆ ಎಲ್ಲರೂ ಎದ್ದರು. ಒಬ್ಬ ವೃದ್ಧೆಯರು ಮಾತ್ರ ಏಳಲಿಲ್ಲ. ಅವರ ಪತಿ ನಾಲ್ಕು ವರ್ಷಗಳಿಂದ ಇದೇ ರೋಗದಿಂದ ಹಾಸಿಗೆ ಹಿಡಿದಿರುವರೆಂಬುದು ನಮಗೆ ತಿಳಿದಿತ್ತು. ಅವರು ತಲೆಯೆತ್ತದೆಯೇ, "ಗುರುಗಳೇ, ಇವನು ಎದ್ದ. ನಮ್ಮವರು ಏಳಲಿಲ್ಲ. ಹಾಗಾದರೆ ನಮ್ಮವರಿಗೆ ಕ್ಷಮೆ ಆಗಲಿಲ್ಲವೆಂದೇ?" ಎಂದರು.

ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಗುರುಗಳು ಮರಳಿ ಬಂದು ಅವರ ಪಕ್ಕದಲ್ಲಿ ಕುಳಿತರು. "ಅಮ್ಮಾ, ಹುಟ್ಟುಗುರುಡನನ್ನು ಕಂಡು ಯಾರ ಪಾಪವೆಂದು ಶಿಷ್ಯರು ಕೇಳಿದಾಗ ಸ್ವಾಮಿ ಯಾರದೂ ಅಲ್ಲವೆಂದನು. ಇಲ್ಲಿಯೂ ನೋಡಿರಿ. ಕ್ಷಮೆಯ ಮಾತು ಮೊದಲು, ಎದ್ದುದು ಆಮೇಲೆ. ಆ ನಡುವೆ ಅವನು ಹಾಸಿಗೆಯಮೇಲೆಯೇ ಇದ್ದನಲ್ಲವೆ? ಕಾಲು ಬಾರದಿದ್ದಾಗಲೇ ಅವನಿಗೆ ಕ್ಷಮೆಯಾಗಿತ್ತು" ಎಂದರು. ಸ್ವಲ್ಪ ತಡೆದು, "ಸ್ವಾಮಿ ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನು. ನೀವು ನಾಲ್ಕು ವರ್ಷ ಹೊತ್ತಿದ್ದೀರಿ" ಎಂದೂ ಹೇಳಿದರು.

ಈ ಅಧಿಕಾರವು ಮುಂದೆ ಯಾರಿಗೆ ಬಂದಿತೆಂಬುದರಲ್ಲಿ ಕ್ರೈಸ್ತರೆಲ್ಲರೂ ಏಕಮತದವರಲ್ಲ. ಅಪೊಸ್ತಲರ ಮೂಲಕ ಅದು ಗುರುಗಳಿಗೆ ಸಂದಿತೆಂದು ಕಥೋಲಿಕರೂ ಆರ್ಥೊಡಾಕ್ಸರೂ ನಂಬಿ ಪಾಪನಿವೇದನೆ ಮಾಡುವರು. ಪ್ರಾಟೆಸ್ಟೆಂಟರಲ್ಲಿ ಬಹುಜನ ನೇರವಾಗಿ ದೇವರಲ್ಲಿಯೇ ಬೇಡುವರು. ರೋಗಿಗೆ ಎಣ್ಣೆ ಹಚ್ಚುವ ಸಂಸ್ಕಾರವನ್ನು ಕಥೋಲಿಕರು ಬಹುಕಾಲ ಸಾವಿನ ಹೊತ್ತಿಗೆ ಮೀಸಲಿಟ್ಟಿದ್ದರು. 1972ರಲ್ಲಿ ಆರನೆಯ ಪೌಲ್ ಪೋಪರು ಆ ವಿಧಿಯನ್ನು ತಿದ್ದಿದ ಮೇಲೆ ಅದು ಕಠಿನ ರೋಗದಲ್ಲಿರುವವರೆಲ್ಲರಿಗೂ ಸಲ್ಲುವ ಸಾಂತ್ವನವೆಂದು ತಿಳಿಯಲ್ಪಟ್ಟಿತು. ಅದರ ಪ್ರಾರ್ಥನೆಯಲ್ಲಿ ಪಾಪದ ಬಿಡುಗಡೆಯೂ ರೋಗದ ಉಪಶಮನವೂ ಜೊತೆಯಾಗಿಯೇ ಇರುವುವು. ಈ ಕೋಣೆಯಲ್ಲಿ ಕೂಡಿದ ಎರಡು ಮಾತುಗಳನ್ನು ಸಭೆಯು ಇಂದಿಗೂ ಬಿಡಿಸಿಲ್ಲ.

ಸರೋವರದ ದಡದಲ್ಲಿ ಆ ತಾಯಿ ನಮ್ಮೊಡನೆ ನಡೆಯುತ್ತ ಇನ್ನೊಂದು ಮಾತನ್ನು ಹೇಳಿದರು. ಆಸ್ತಿ ಪಾಲಾದಂದಿನಿಂದ ಅವರ ಪತಿಗೂ ಮೈದುನನಿಗೂ ಮಾತಿಲ್ಲವಂತೆ. ರೋಗ ಬಂದ ಮೇಲೆ ಪತಿಗೆ ಮಾತಾಡುವ ಶಕ್ತಿಯೇ ಇಲ್ಲವಂತೆ. "ಅವರ ಬಾಯಲ್ಲಿ ಬರಲಾರದು. ನಾನೇ ಕರೆಯಬೇಕಾಗಿತ್ತು, ನನಗೂ ಹಟ ಇತ್ತು" ಎಂದರು. ಆ ರಾತ್ರಿ ಅವರು ವಸತಿಗೃಹದ ಜಗಲಿಯಲ್ಲಿ ನಿಂತು ಊರಿಗೆ ದೂರವಾಣಿಯಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದುದನ್ನು ಕಂಡೆವು.

ಊರಿಗೆ ಮರಳಿದ ಕೆಲವು ತಿಂಗಳ ಮೇಲೆ ಅವರ ಮನೆಗೆ ಹೋಗಿದ್ದೆವು. ಪತಿಯವರು ಹಾಸಿಗೆಯಲ್ಲಿಯೇ ಇದ್ದರು. ಅವರನ್ನು ಎತ್ತಿ ಒರಗಿಸಿ ಗಂಜಿ ಕುಡಿಸುತ್ತಿದ್ದವನು ಅವರ ತಮ್ಮ.