ಅಜ್ಜಿಯ ಕಾಲದ ಮದುವೆ

ಈಗೀಗ ಮದುವೆಗೂ ಒಂದು 'ಥೀಮ್' ಬೇಕು. ಒಬ್ಬರ ಮನೆಯಲ್ಲಿ ಅಲಂಕಾರವೆಲ್ಲ ಬಿಳಿ, ಇನ್ನೊಬ್ಬರಲ್ಲಿ ನೆಂಟರ ಉಡುಪೆಲ್ಲ ಒಂದೇ ಬಣ್ಣ. ಕೆಲವು ವರ್ಷಗಳಿಂದ 'ವಿಂಟೇಜ್' ಎಂಬ ಮಾತು ಕೇಳಿಬರುತ್ತಿದೆ. ಗ್ರಾಮೊಫೋನು, ಬೆರಳಲ್ಲಿ ತಿರುಗಿಸುವ ಟೆಲಿಫೋನು, ಟೈಪ್‌ರೈಟರು, ಹಳೆಯ ಕಾರು ಇವನ್ನೆಲ್ಲ ಬಾಡಿಗೆಗೆ ತಂದು ವೇದಿಕೆಯ ಪಕ್ಕ ಜೋಡಿಸಿ ಫೋಟೊ ತೆಗೆಸಿಕೊಳ್ಳುವ ಮದುವೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಅಣ್ಣನ ಮಗಳು ಇಂಥ ಎರಡು ಮೂರು ಮದುವೆ ನೋಡಿ ಬಂದಿದ್ದಳು. ವಿಟ್ಲದ ಕಡೆಯ ಹುಡುಗನೊಂದಿಗೆ ಸಂಬಂಧ ಕೂಡಿಬಂದಾಗ ಅವಳು ಹೇಳಿದ್ದು ಇಷ್ಟೇ: "ನನ್ನ ಮದುವೆಯೂ ಹಳೆಗಾಲದ್ದಾಗಿರಬೇಕು. ಆದರೆ ಬಾಡಿಗೆಯ ಹಳೆಗಾಲ ಬೇಡ, ನಮ್ಮ ಮನೆಯದ್ದೇ ಬೇಕು."

ಅಣ್ಣ 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದ. ಹಾಗಾಗಿ ಮದುವೆಯ ಜವಾಬ್ದಾರಿ ಚಿಕ್ಕಪ್ಪ ಚಿಕ್ಕಮ್ಮರಾದ ನಮ್ಮಿಬ್ಬರ ಮೇಲೆ ಬಿತ್ತು. ಬಾಯಾರಿನ ಅಡಿಕೆ ತೋಟದ ನಡುವಿನ ಹಳೆಯ ಮನೆ, 82 ವರ್ಷದ ಅಮ್ಮ, ಮಾತು ಕಡಿಮೆಯಾಗಿಬಿಟ್ಟಿದ್ದ ಅತ್ತಿಗೆ, ಕೈಯಲ್ಲಿ ನಾಲ್ಕು ತಿಂಗಳು. ಕೆಲಸ ಶುರುವಾಯಿತು.

ಅಮ್ಮನ ಪಟ್ಟಿ

ಅಮ್ಮನ ಮದುವೆ 1962ರಲ್ಲಿ. ಅಂದು ಏನೇನಿತ್ತು ಎಂದು ಮೊಮ್ಮಗಳು ಪ್ರತಿ ಭಾನುವಾರ ಫೋನಿನಲ್ಲಿ ಕೇಳಿ ಬರೆದುಕೊಂಡಳು. ಅಡಿಕೆ ಮರದ ಕಂಬ ನೆಟ್ಟು ಹೆಣೆದ ಮಡಲು ಹೊದಿಸಿದ ಚಪ್ಪರ. ಅದಕ್ಕೆ ನಮ್ಮ ಕೊಂಕಣಿಯಲ್ಲಿ 'ಮಾಟೊವ್'. ಮದುವೆಗೆ ಮುಂಚೆ ಮನೆಯ ಮೃತರ ನೆನಪಿನಲ್ಲಿ ಬಡವರಿಗೆ ಊಟ. ಹಿಂದಿನ ದಿನ ತೆಂಗಿನ ಹಾಲು ಮತ್ತು ಎಣ್ಣೆ ಹಚ್ಚುವ 'ರೋಸ್'. ಹೆಂಗಸರ ಬಾಯಲ್ಲಿ 'ವೊವಿಯೊ' ಹಾಡು, ಗಂಡಸರ ಕೈಯಲ್ಲಿ ಗುಮಟೆ. ಮದುಮಗಳು ಮದುವೆಯವರೆಗೆ ಉಡುತ್ತಿದ್ದ ಕಿರ್ಗಿ-ಬಾಜು, ಮದುವೆಗೆ ಕೆಂಪು 'ಸಾಡೊ'. ಎಲ್ಲವನ್ನೂ ನಡೆಸಿಕೊಡುವ ಹಿರಿಯನಿಗೆ 'ಯಜ್ಮಾನ್' ಎಂಬ ಹೆಸರು.

ಮಗಳು ಓದುವ ಅಭ್ಯಾಸದವಳು. ದಕ್ಷಿಣ ಕನ್ನಡದ ಕ್ರೈಸ್ತರ ಮದುವೆ ಪದ್ಧತಿಗಳ ಬಗ್ಗೆ ಫಾದರ್ ಸೆವೆರಿನ್ ಸಿಲ್ವಾ ಮತ್ತು ಸ್ಟೀಫನ್ ಫುಕ್ಸ್ 1965ರಲ್ಲಿ 'ಏಷ್ಯನ್ ಫೋಕ್‌ಲೋರ್ ಸ್ಟಡೀಸ್' ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನವನ್ನು ಹುಡುಕಿ ತೆಗೆದಳು. ಜರಿ ಪಟ್ಟಿಗಳಿಗೆ ತಕ್ಕಂತೆ ಸಾಡೊಗಳಿಗೆ ಏಕ್‌ಪಟ್ಟಿ, ದುಪಟ್ಟಿ, ತೀನ್‌ಪಟ್ಟಿ ಎಂಬ ಹೆಸರುಗಳಿದ್ದವು, ಅವುಗಳ ಬೆಲೆಯನ್ನು ವರಹಗಳಲ್ಲಿ ಹೇಳುತ್ತಿದ್ದರು, ಬೆಲೆಬಾಳುವ ಸಾಡೊ ತಲೆಮಾರಿನಿಂದ ತಲೆಮಾರಿಗೆ ಬರುತ್ತಿತ್ತು ಎಂದೆಲ್ಲ ಓದಿ ಹೇಳಿದಾಗ ಅಮ್ಮ ನಕ್ಕರು. "ಇದನ್ನೆಲ್ಲ ಪುಸ್ತಕದಲ್ಲಿ ಬರೆದಿದ್ದಾರೆಯೆ? ನನ್ನದು ದುಪಟ್ಟಿ, ಪೆಟ್ಟಿಗೆಯಲ್ಲೇ ಇದೆ" ಎಂದರು. ಮೊಮ್ಮಗಳು ಅದನ್ನೇ ಉಡುವುದೆಂದು ಅಂದೇ ತೀರ್ಮಾನವಾಯಿತು.

ಹಳೆಯ ಕ್ರಮ ಇಂದಿನ ಕಾನೂನಿಗೂ ಒಗ್ಗುತ್ತದೆ ಎಂಬುದು ನಮಗೆ ಸಂತೋಷದ ವಿಷಯ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ಕೇರಳ ಸರಕಾರ 2020ರ ಜನವರಿ 1ರಿಂದ ನಿಷೇಧಿಸಿದೆ. ಬಾಳೆ ಎಲೆ, ಸ್ಟೀಲ್ ಲೋಟ, ಮಡಲಿನ ಚಪ್ಪರ ಎಂದಮೇಲೆ ಯಾರ ತಕರಾರೂ ಇಲ್ಲ!

ನಡುವೆ ಬಂದ ಚುನಾವಣೆ

ಈಸ್ಟರ್ ಮುಗಿದ ಮೇಲೆ, 2024ರ ಏಪ್ರಿಲ್ 27ರ ಶನಿವಾರ ಎಂದು ಜನವರಿಯಲ್ಲೇ ದಿನ ನಿಶ್ಚಯಿಸಿದ್ದೆವು. ಕಾಗದ ಅಚ್ಚಾಯಿತು. ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟವಾಯಿತು. ಕೇರಳದ 20 ಕ್ಷೇತ್ರಗಳಿಗೂ, ಗಡಿಯಾಚೆಯ ದಕ್ಷಿಣ ಕನ್ನಡಕ್ಕೂ, ಬೆಂಗಳೂರಿಗೂ ಮತದಾನ ಏಪ್ರಿಲ್ 26! ನಮ್ಮ ರೋಸಿನ ದಿನವೇ. ಹುಡುಗ ಗಲ್ಫಿನಲ್ಲಿರುವವ, ರಜೆ ಸಿಕ್ಕಿದ್ದು ಮೇ ಮೊದಲ ವಾರದವರೆಗೆ ಮಾತ್ರ. ದಿನ ಬದಲಿಸುವಂತಿರಲಿಲ್ಲ.

ಚುನಾವಣೆ ಎಂದರೆ ಮದುವೆ ಮನೆಗೆ ಏನೆಲ್ಲ ಆಗುತ್ತದೆ ಎಂಬುದು ಒಂದೊಂದಾಗಿ ತಿಳಿಯಿತು. ನಮಗೆ ಜವಳಿ, ಚಿನ್ನ ಎಲ್ಲದಕ್ಕೂ ಮಂಗಳೂರೇ ಪೇಟೆ. ನಮ್ಮ ಧರ್ಮಪ್ರಾಂತ್ಯವೂ ಮಂಗಳೂರೇ. ಆದರೆ ನಡುವೆ ರಾಜ್ಯದ ಗಡಿ. ನೀತಿ ಸಂಹಿತೆ ಇರುವಾಗ ದಾಖಲೆ ಇಲ್ಲದೆ 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ದರೆ ವಶಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಹಣವನ್ನೆಲ್ಲ ಬ್ಯಾಂಕಿನ ಮೂಲಕ ಕೊಟ್ಟೆವು. ಬಿಲ್ಲು ಮತ್ತು ಮದುವೆ ಕಾಗದವನ್ನು ಸದಾ ಚೀಲದಲ್ಲಿಟ್ಟುಕೊಂಡೆವು. ತಲಪಾಡಿಯಲ್ಲಿ ತಡೆದಾಗ ತೋರಿಸಿದೆವು. ತಪಾಸಣೆಯವರು ನೋಡಿ, ಶುಭ ಹಾರೈಸಿ ಬಿಟ್ಟರು.

ನೆಂಟರಿಗೆಂದು ಗೊತ್ತುಮಾಡಿದ್ದ ಬಸ್ಸು ಚುನಾವಣಾ ಕೆಲಸಕ್ಕೆ ಹೋಯಿತು. ಸುದ್ದಿ ತಿಳಿದ ನೆರೆಮನೆಯ ಬ್ಯಾರಿ ಗೆಳೆಯರು, "ನಮ್ಮ ಎರಡು ಜೀಪು ಉಂಟಲ್ಲ, ನೀವು ಯಾಕೆ ಮಂಡೆಬಿಸಿ ಮಾಡುತ್ತೀರಿ?" ಎಂದರು. ಅಮ್ಮನಿಗಂತೂ ಖುಷಿ. ಅವರ ಕಾಲದಲ್ಲಿ ಈ ಗುಡ್ಡದ ದಾರಿಗೆ ಜೀಪು ಬಂದರೆ ಅದೇ ದೊಡ್ಡ ವೈಭವ.

ಇನ್ನೊಂದು ಸಂಗತಿ ಕೇಳಿದರೆ ನೀವು ನಗುತ್ತೀರಿ. ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಮದ್ಯ ಮಾರುವಂತಿಲ್ಲ. ರೋಸಿಗೆ ಬರುವ ಗಂಡಸರ ಮುಖ ಬಾಡುವುದಿರಲಿ, ಸಣ್ಣಾಸ್ ಹಿಟ್ಟು ಉಬ್ಬಲು ಕಳ್ಳು ಬೇಕಲ್ಲ? ಕಳ್ಳಿನ ಅಂಗಡಿಗೂ ಬಾಗಿಲು! "ಎಳನೀರಿಗೆ ಸಕ್ಕರೆ ಹಾಕಿ ಒಂದು ದಿನ ಮುಚ್ಚಿಡಿ, ಹುಳಿ ಬರುತ್ತದೆ" ಎಂದು ಅಮ್ಮ ಹೇಳಿಕೊಟ್ಟರು. ಮರುದಿನ ಸಣ್ಣಾಸ್ ಹತ್ತಿಯಂತೆ ಉಬ್ಬಿತ್ತು.

ಪೆಟ್ಟಿಗೆಯೊಳಗಿನ ಸಾಡೊ

ಮದುವೆಗೆ ಮೂರು ದಿನ ಇರುವಾಗ ಸಾಡೊವನ್ನು ಹೊರತೆಗೆದು ಮಂಚದ ಮೇಲೆ ಬಿಡಿಸಿದೆವು. 62 ವರ್ಷದ ರೇಷ್ಮೆ. ಬಣ್ಣ ಮಾಸಿರಲಿಲ್ಲ, ಜರಿ ಇನ್ನೂ ಹೊಳೆಯುತ್ತಿತ್ತು. ಎರಡನೆಯ ಮಡಿಕೆ ಬಿಚ್ಚುವಾಗ 'ಪರ್ರ್' ಎಂದು ಸದ್ದಾಯಿತು. ಮಡಿಕೆಯ ಗೆರೆಯುದ್ದಕ್ಕೂ ಒಂದು ಗೇಣು ಸೀಳು. ಯಾರೂ ಎಳೆದಿರಲಿಲ್ಲ. ವರ್ಷಗಟ್ಟಲೆ ಒಂದೇ ಕಡೆ ಮಡಿಸಿಟ್ಟ ರೇಷ್ಮೆಯ ಎಳೆ ಅಲ್ಲೇ ಸೋತಿರುತ್ತದೆ, ಜರಿಯ ಭಾರ ಸೇರಿದರೆ ಇನ್ನೂ ಬೇಗ.

ಮೊಮ್ಮಗಳ ಕಣ್ಣು ತುಂಬಿತು. ಅಮ್ಮ ಮಾತ್ರ ಸೀಳಿನ ಮೇಲೆ ಮೆಲ್ಲನೆ ಬೆರಳಾಡಿಸಿ, "ನನ್ನ ಮಂಡಿಯೂ ಹೀಗೇ, ಮಡಚುವಲ್ಲೇ ನೋವು" ಎಂದರು. ಅಳುತ್ತಿದ್ದವಳು ನಕ್ಕಳು. ಉಪ್ಪಳದ ದರ್ಜಿಯೊಬ್ಬರು ನೋಡಿ, ಇದನ್ನು ಉಟ್ಟು ಪಿನ್ನು ಚುಚ್ಚಿದರೆ ಉಳಿಯುವುದಿಲ್ಲ, ಸೆರಗಿನ ಭಾಗಕ್ಕೆ ಹಿಂದಿನಿಂದ ತೆಳು ಹತ್ತಿ ಬಟ್ಟೆ ಕೊಟ್ಟು ಶಾಲಿನಂತೆ ಹೊದೆಯಬಹುದು ಎಂದರು. ಉಡಲು ಬೇರೆ ಕೆಂಪು ರೇಷ್ಮೆ ಸೀರೆ ತಂದೆವು. ಅಜ್ಜಿಯ ಸಾಡೊವಿನ ಸೆರಗು ಮೊಮ್ಮಗಳ ತಲೆಯ ಮೇಲೆ ಬಂತು.

ರೋಸಿನ ಸಂಜೆ

ಶುಕ್ರವಾರ ಬೆಳಿಗ್ಗೆ ಎಲ್ಲರೂ ಸಾಲಿನಲ್ಲಿ ನಿಂತು ಮತ ಹಾಕಿದೆವು. ಸಂಜೆ ಬೆರಳಿನ ಶಾಯಿಯೊಂದಿಗೇ ಜನ ಚಪ್ಪರಕ್ಕೆ ಬಂದರು. ಆ ಏಪ್ರಿಲಿನ ಬಿಸಿಲು ನೆನಪಿದೆಯಲ್ಲ? ಸೆಕೆಗೆ ಉಸಿರು ಕಟ್ಟುತ್ತಿತ್ತು. ಏಳೂಕಾಲಿಗೆ ಕರೆಂಟು ಹೋಯಿತು. ದೀಪವಿಲ್ಲ, ಫ್ಯಾನಿಲ್ಲ, ಪಂಪೂ ಇಲ್ಲ. ನೂರೈವತ್ತು ಜನರ ಅಡುಗೆಗೆ, ಕೈ ತೊಳೆಯಲಿಕ್ಕೆ ನೀರು?

ಇಲ್ಲಿ ನಮ್ಮೂರಿನ ಒಂದು ಆಸ್ತಿಯ ಬಗ್ಗೆ ಹೇಳಲೇಬೇಕು. ಬಾಯಾರಿನ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳು ಬಹಳ. ಒಳಗೆ ಜಿನುಗುವ ನೀರು ಇಳಿಜಾರಿನಲ್ಲಿ ತಾನೇ ಹರಿದು ಬರುತ್ತದೆ. ಕರೆಂಟೂ ಬೇಡ, ಡೀಸೆಲೂ ಬೇಡ. ನಮ್ಮ ತೋಟದ ಮೇಲ್ಗಡೆಯ ಭಟ್ಟರ ಸುರಂಗ ಆ ಬೇಸಗೆಯಲ್ಲೂ ಬತ್ತಿರಲಿಲ್ಲ. ಅವರ ಮಗ ಅರ್ಧ ಗಂಟೆಯಲ್ಲಿ ಪೈಪು ಜೋಡಿಸಿ ನಮ್ಮ ಅಂಗಳಕ್ಕೆ ನೀರು ಬಿಟ್ಟ. ಅಲಂಕಾರಕ್ಕೆಂದು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದ ಲಾಟೀನುಗಳನ್ನು ಹಚ್ಚಿದೆವು. ಚಂದಕ್ಕೆ ಇಟ್ಟದ್ದು ಕೆಲಸಕ್ಕೆ ಬಂತು.

ಆ ಲಾಟೀನಿನ ಬೆಳಕಿನಲ್ಲಿ ಮದುಮಗಳನ್ನು ಕೂರಿಸಿದರು. ನಮ್ಮ ವಾಳೆಯ ಹಿರಿಯ ಹೆಂಗಸರು ವೊವಿಯೊ ಎತ್ತಿದರು. ಯಜ್ಮಾನರು ನೆರೆದವರ ಅಪ್ಪಣೆ ಕೇಳಿ, ಮೊದಲು ರೋಸ್ ಹಾಕಲು ಹೆತ್ತವಳನ್ನು ಕರೆದರು. ಅತ್ತಿಗೆ ಬರಲಿಲ್ಲ.

ಹುಡುಕಿದರೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದರು. "ನಾನು ಬೇಡ. ಹಳೆಗಾಲದ ಕ್ರಮದಲ್ಲೇ ಮದುವೆ ಅಂತ ನೀವೇ ಹೇಳಿದ್ದಲ್ಲವೆ? ಆ ಕ್ರಮದಲ್ಲಿ ನನ್ನಂಥವರು ಮುಂದೆ ಬರುವುದಿಲ್ಲ. ಅವಳಿಗೆ ಒಳ್ಳೆಯದಾಗಲಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನಮ್ಮನ್ನು ಹೆಚ್ಚು ಇರಿಯಿತು. ಗಂಡ ತೀರಿಕೊಂಡವರು ಶುಭ ಕೆಲಸದಿಂದ ದೂರ ನಿಲ್ಲಬೇಕೆಂಬ ರೂಢಿ ನಮ್ಮ ಜನರಲ್ಲೂ ಇತ್ತು. ಅದನ್ನು ಯಾರೂ ಪಟ್ಟಿಯಲ್ಲಿ ಬರೆದಿರಲಿಲ್ಲ, ಆದರೆ ಅತ್ತಿಗೆಯ ಮನಸ್ಸಿನಲ್ಲಿ ಅದು ಮೊದಲಿನಿಂದಲೂ ಬರೆದಿತ್ತು. ನಾಲ್ಕು ತಿಂಗಳು ಅವರು ಯಾಕೆ ಅಷ್ಟು ಮೌನವಾಗಿದ್ದರೆಂದು ಆಗ ತಿಳಿಯಿತು.

ಹೊರಗೆ ಹಾಡು ನಿಂತಿತು. ಕೆಲವರು ಪಿಸುಗುಟ್ಟಿದರು. ಮದುಮಗಳು ತೆಂಗಿನ ಹಾಲಿನ ಬಟ್ಟಲಿನ ಮೇಲೆ ಎರಡೂ ಕೈ ಮುಚ್ಚಿ, "ಅಮ್ಮ ಹಾಕದೆ ಯಾರೂ ಹಾಕಬೇಡಿ" ಎಂದು ಕುಳಿತುಬಿಟ್ಟಳು. ನಾವಿಬ್ಬರೂ ನಮ್ಮ ಅಮ್ಮನ ಮುಖ ನೋಡಿದೆವು. ಅವರೂ ಅಪ್ಪನನ್ನು ಕಳೆದುಕೊಂಡು 20 ವರ್ಷ. ಆ ನಂತರ ಮನೆಯ ಯಾವ ರೋಸಿನಲ್ಲೂ ಅವರು ಬಟ್ಟಲು ಮುಟ್ಟಿದವರಲ್ಲ.

ಅಮ್ಮ ಕೋಲೂರಿ ಎದ್ದರು. ಅಡುಗೆಮನೆಯವರೆಗೆ ನಡೆದು ಸೊಸೆಯ ಕೈ ಹಿಡಿದರು. "ನನ್ನ ರೋಸಿನ ದಿನ ನನ್ನ ತಾಯಿಯೂ ಹೀಗೆಯೇ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಗಂಡನಿರಲಿಲ್ಲ. ಆ ದಿನದ ಹಾಡು, ಊಟ ಎಲ್ಲ ಅರ್ಧ ಮರೆತಿದೆ. ಆ ಬಾಗಿಲು ಮಾತ್ರ ಇನ್ನೂ ಕಾಣುತ್ತದೆ. ಅದೊಂದನ್ನು ತರಬೇಡಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ, ಬಾ" ಎಂದರು.

"ಮಾಂಯ್, ಜನ ಏನೆಂದಾರು?" ಎಂದರು ಅತ್ತಿಗೆ.

"ಜನ ಊಟಕ್ಕೆ ಕಾಯುತ್ತಿದ್ದಾರೆ" ಎಂದರು ಅಮ್ಮ.

ಮೊದಲು ಅತ್ತಿಗೆ, ಅವರ ಹಿಂದೆಯೇ ಅಮ್ಮ, ಮಗಳ ನೆತ್ತಿಗೆ ತೆಂಗಿನ ಹಾಲು ಹಾಕಿದರು. ಅಂಗಳದ ಮೂಲೆಯಲ್ಲಿ ಕುಳಿತಿದ್ದ ಇನ್ನೂ ಮೂವರು ಹೆಂಗಸರನ್ನು ಯಜ್ಮಾನರೇ ಹೆಸರು ಹಿಡಿದು ಕರೆದರು. ಒಬ್ಬರು ಬಂದರು, ಒಬ್ಬರು ಅಳುತ್ತಾ ಬಂದರು, ಒಬ್ಬರು ಕೊನೆಗೂ ಏಳಲಿಲ್ಲ. ಅವರನ್ನು ಯಾರೂ ಒತ್ತಾಯಿಸಲಿಲ್ಲ. ವೊವಿಯೊ ಮತ್ತೆ ಶುರುವಾಯಿತು.

ಮರುದಿನದ ಮದುವೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೀಪು ಸರಿಯಾದ ಹೊತ್ತಿಗೆ ಇಗರ್ಜಿ ಮುಟ್ಟಿತು, ಗುರುಗಳ ಪ್ರಸಂಗ ಚಿಕ್ಕದಾಗಿತ್ತು, ಎಳೆ ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ ಮೊದಲ ಪಂಕ್ತಿಗೇ ಮುಗಿಯಿತು! ಅತ್ತಿಗೆ ಮಗಳ ಪಕ್ಕದಲ್ಲೇ ನಿಂತು ಎಲ್ಲ ಫೋಟೊಗಳಲ್ಲೂ ಇದ್ದಾರೆ.

ಮದುವೆ ನಿಶ್ಚಯವಾದ ಮನೆಯವರಿಗೆ

ಹಳೆಗಾಲದ ಮದುವೆ ಮಾಡಬೇಕೆಂದಿರುವವರಿಗೆ ನಮ್ಮ ಅನುಭವದ ನಾಲ್ಕು ಮಾತು. ಪೆಟ್ಟಿಗೆಯಲ್ಲಿ ಹಳೆಯ ರೇಷ್ಮೆ ಇದ್ದರೆ ಮದುವೆ ಗೊತ್ತಾದ ದಿನವೇ ತೆಗೆದು ನೋಡಿ. ಪ್ಲಾಸ್ಟಿಕ್ ಚೀಲದಲ್ಲಿಡಬೇಡಿ, ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಕರೆಂಟು, ವಾಹನ, ನೀರು ಈ ಮೂರಕ್ಕೂ ಕೈಯಲ್ಲಿ ಇನ್ನೊಂದು ದಾರಿ ಇರಲಿ. ನೆರೆಯವರಿಗೆ ಮದುವೆ ಕಾಗದ ಕೊಡುವಾಗಲೇ ಒಂದು ಕೆಲಸವನ್ನೂ ಕೊಡಿ. ಅಡಚಣೆ ಬಂದ ಹೊತ್ತಿಗೆ ಓಡಿ ಬರುವವರು ಅವರೇ. ಕೇರಳದಲ್ಲಿರುವ ನಾವು ಇಗರ್ಜಿಯ ದಾಖಲೆಯಷ್ಟೇ ಸಾಕೆಂದು ಕೂರುವಂತಿಲ್ಲ. 2008ರ ನಿಯಮದ ಪ್ರಕಾರ ಮದುವೆಯಾದ 45 ದಿನಗಳೊಳಗೆ ಮದುವೆ ನಡೆದ ಊರಿನ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಬೇಕು.

ಕೊನೆಯದಾಗಿ, ಮನೆಯ ಹಿರಿಯ ಹೆಂಗಸರ ಬಳಿ ಕುಳಿತು ನಿಮ್ಮ ಮದುವೆಯಲ್ಲಿ ಏನೇನಿತ್ತು ಎಂದು ಕೇಳಿ. ಅವರು ಸಂತೋಷದಿಂದ ಹೇಳುತ್ತಾರೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಆ ದಿನ ಯಾವುದು ಇರಬಾರದಿತ್ತು? ಇದಕ್ಕೆ ಉತ್ತರ ಬೇಗ ಬಾರದು. ಸ್ವಲ್ಪ ಹೊತ್ತು ಕಾಯಿರಿ. ಎರಡೂ ಉತ್ತರ ಸಿಕ್ಕಿದ ಮೇಲೆಯೇ ಚಪ್ಪರದ ಮೊದಲ ಕಂಬ ನೆಡಿ.